ಸಂಗೀತ ಶಾಲೆಯ ಫ್ರಾಂಚೈಸಿ: ಒಡವೆ ಅಡ ಇಡುವ ಮುಂಚೆ ಒಂದು ಲೆಕ್ಕ

ಮೊಬೈಲ್‌ನಲ್ಲಿ ರೀಲ್ಸ್ ನೋಡುವಾಗ ನಡುನಡುವೆ ಒಂದು ತರದ ಜಾಹೀರಾತು ಬರುತ್ತಿದೆ. ನಿಮ್ಮ ಊರಿನಲ್ಲೇ ಸಂಗೀತ ಶಾಲೆ ತೆರೆಯಿರಿ, ಅನುಭವ ಬೇಕಿಲ್ಲ, ಸಂಗೀತ ಬರಬೇಕೆಂದೂ ಇಲ್ಲ, ಎಲ್ಲ ನಾವೇ ಕೊಡುತ್ತೇವೆ ಅನ್ನುತ್ತದೆ. ನಂಬರ್ ಒತ್ತಿದರೆ ಸಾಕು, ಸ್ವಲ್ಪ ಹೊತ್ತಿಗೆ ವಾಟ್ಸಾಪ್‌ಗೆ ಬಣ್ಣದ ಪಿಡಿಎಫ್ ಬಂದು ಬೀಳುತ್ತದೆ. ಅದರಲ್ಲಿ ಗಿಟಾರ್ ಹಿಡಿದು ನಗುತ್ತಿರುವ ಮಕ್ಕಳು, ಕೊನೆಯ ಪುಟದಲ್ಲಿ 'ಇಷ್ಟು ತಿಂಗಳಲ್ಲಿ ಹಾಕಿದ ಬಂಡವಾಳ ವಾಪಸ್' ಅನ್ನುವ ಒಂದು ಟೇಬಲ್.

ಈ ವರ್ಷ ಇದೇ ವಿಚಾರ ಕೇಳಲು ಇಬ್ಬರು ನನ್ನ ಹತ್ತಿರ ಬಂದರು. (ಪೇಪರ್‌ನವರಿಗೆ ಎಲ್ಲ ಗೊತ್ತಿರುತ್ತೆ ಅಂತ ನಮ್ಮ ಕಡೆ ಒಂದು ನಂಬಿಕೆ. ಬೋರ್‌ವೆಲ್ ಪಾಯಿಂಟ್‌ನಿಂದ ಹಿಡಿದು ಸೊಸೈಟಿ ಸಾಲದ ತನಕ ನಮ್ಮನ್ನೇ ಕೇಳುತ್ತಾರೆ.) ಒಬ್ಬರು ನಂಜನಗೂಡಿನ ಅಕ್ಕ, ಕರ್ನಾಟಕ ಸಂಗೀತದಲ್ಲಿ ಸೀನಿಯರ್ ಪಾಸು ಮಾಡಿದವರು, ಮನೆಯಲ್ಲೇ ಹತ್ತು ಹನ್ನೆರಡು ಮಕ್ಕಳಿಗೆ ಹೇಳಿಕೊಡುತ್ತಾರೆ. ಇನ್ನೊಬ್ಬ ತಿ. ನರಸೀಪುರದ ಕಡೆಯ ಹುಡುಗ, ಬಿಕಾಂ ಆಗಿದೆ, ಮೈಸೂರಿನಲ್ಲಿ ಎರಡು ವರ್ಷ ಕೆಲಸ ಮಾಡಿ ಊರಿಗೆ ಬಂದಿದ್ದಾನೆ. ಅವನಿಗೆ ಸಂಗೀತ ಬರುವುದಿಲ್ಲ, ಆದರೆ ಓಡಾಟ, ಮಾತು ಎಲ್ಲ ಚೆನ್ನಾಗಿದೆ. "ದುಡ್ಡು ಎಲ್ಲಿಂದ ತರ್ತೀಯಪ್ಪ?" ಅಂದೆ. "ಮುದ್ರಾದಲ್ಲಿ ಐದು ಲಕ್ಷ ಕೇಳಿವ್ನಿ ಅಣ್ಣ. ಮಿಕ್ಕಿದ್ದಕ್ಕೆ ಅವ್ವನ ಒಡವೆ ಅಡ ಇಡಾಕೆ ಅಪ್ಪ ಒಪ್ಕಂಡವ್ರೆ," ಅಂದ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ನಮ್ಮ ತಾಲ್ಲೂಕು ಕೇಂದ್ರಗಳಲ್ಲಿ ಸಂಗೀತ ಕಲಿಸುವ ಜಾಗ ಬೇಕು, ಕಲಿಸುವವರಿಗೆ ಕೈತುಂಬ ಕಾಸು ಸಿಗಬೇಕು. ಆದರೆ ಸಾಲ ಮಾಡಿ, ಒಡವೆ ಇಟ್ಟು, ದೂರದ ಕಂಪನಿಯ ಹೆಸರನ್ನು ಕೊಂಡು ಇದನ್ನು ಮಾಡುವುದು ಬೇಡ. ಯಾಕೆ ಅನ್ನುವುದನ್ನು ಲೆಕ್ಕ ಹಾಕಿಯೇ ಹೇಳುತ್ತೇನೆ. ತಪ್ಪು ಅನ್ನಿಸಿದರೆ ನಿಮ್ಮ ಅಂಕಿ ಹಾಕಿ ನೋಡಿ.

ಫ್ರಾಂಚೈಸಿ ಅಂದರೆ ಹೆಸರು ಅವರದು, ದುಡ್ಡು ಮತ್ತು ದುಡಿಮೆ ನಿಮ್ಮದು. ಶುರುವಿಗೆ ಒಂದು ದೊಡ್ಡ ಮೊತ್ತ ಕಟ್ಟಬೇಕು, ಅದು ಸಾಮಾನ್ಯವಾಗಿ ವಾಪಸ್ ಬರುವುದಿಲ್ಲ. ಕೋಣೆಗೆ ಅವರು ಹೇಳಿದ ಬಣ್ಣ, ಅವರು ಹೇಳಿದ ಬೋರ್ಡು, ಅವರು ಹೇಳಿದ ಕೀಬೋರ್ಡು. ಆಮೇಲೆ ಪ್ರತಿ ತಿಂಗಳು ರಾಯಲ್ಟಿ. ಈ ರಾಯಲ್ಟಿಯನ್ನು ಲಾಭದ ಮೇಲೆ ಲೆಕ್ಕ ಹಾಕುವುದಿಲ್ಲ, ವಸೂಲಾದ ಒಟ್ಟು ಫೀಸಿನ ಮೇಲೆ ಹಾಕುತ್ತಾರೆ. ವಾರಕ್ಕೆ ಜಮೀನು ಮಾಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಬೀಜ, ಗೊಬ್ಬರ, ಕೂಲಿ ಎಲ್ಲ ನಿಮ್ಮದು, ಕಣದಲ್ಲಿ ರಾಶಿ ಬಿದ್ದ ತಕ್ಷಣ ಅವರ ಪಾಲು ಮೊದಲು ಎತ್ತಬೇಕು. ಕೆಲವು ಒಪ್ಪಂದಗಳಲ್ಲಿ 'ಕನಿಷ್ಠ ರಾಯಲ್ಟಿ' ಅಂತ ಒಂದು ಸಾಲು ಇರುತ್ತದೆ, ಮಕ್ಕಳು ಬಂದರೂ ಬರದಿದ್ದರೂ ಇಷ್ಟು ಕೊಡಲೇಬೇಕು ಅಂತ. ಆಗ ಅದು ವಾರವೂ ಅಲ್ಲ, ಗುತ್ತಿಗೆ. ಮಳೆ ಕೈಕೊಟ್ಟರೆ ಗುತ್ತಿಗೆ ಮಾಡಿದವನ ಪಾಡು ಏನಾಗುತ್ತದೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ.

ಬ್ರಾಂಡ್ ಅನ್ನುವುದು ನಮಗೇನೂ ಹೊಸದಲ್ಲ. ನಂಜನಗೂಡು ಹಲ್ಲುಪುಡಿ ಎಷ್ಟು ಮನೆಯ ಬಚ್ಚಲಿನಲ್ಲಿ ಇತ್ತು ಲೆಕ್ಕ ಹಾಕಿ. 1913ರಲ್ಲಿ ಶುರುವಾದ ಸದ್ವೈದ್ಯಶಾಲೆಯಿಂದ ಬಂದ ಹೆಸರು ಅದು. ರಸಬಾಳೆಗೆ ನಂಜನಗೂಡಿನ ಹೆಸರಲ್ಲೇ ಜಿಐ ಮಾನ್ಯತೆ ಇದೆ. ಹೆಸರಿಗೆ ಬೆಲೆ ಇರುವುದು ನಿಜ. ಆದರೆ ಹಲ್ಲುಪುಡಿ ಒಂದೇ ಕಡೆ ತಯಾರಾಗಿ, ಪೊಟ್ಟಣ ಕಟ್ಟಿಸಿಕೊಂಡು, ಎಲ್ಲ ಊರಿಗೂ ಒಂದೇ ರುಚಿಯಲ್ಲಿ ಹೋಗುತ್ತದೆ. ಸಂಗೀತದ ಪಾಠ ಹಾಗೆ ಪೊಟ್ಟಣದಲ್ಲಿ ಬರುವುದಿಲ್ಲ. ಅದು ತಯಾರಾಗುವುದು ನೀವು ಬಾಡಿಗೆಗೆ ಹಿಡಿದ ಕೋಣೆಯಲ್ಲಿ, ನೀವು ಸಂಬಳಕ್ಕೆ ಇಟ್ಟುಕೊಂಡ ಮೇಷ್ಟ್ರ ಬಾಯಲ್ಲಿ. ಮೇಷ್ಟ್ರು ಬಿಟ್ಟು ಹೋದ ದಿನ ಬೋರ್ಡಿನಲ್ಲಿ ಮುಂಬಯಿ ಹೆಸರಿದ್ದರೂ ಒಂದೇ, ದೆಹಲಿ ಹೆಸರಿದ್ದರೂ ಒಂದೇ. ಮಕ್ಕಳು ಮೇಷ್ಟ್ರ ಹಿಂದೆ ಹೋಗುತ್ತಾರೆ.

ಈಗ ಲೆಕ್ಕ. ಇದು ಯಾವ ಕಂಪನಿಯ ಅಂಕಿಯೂ ಅಲ್ಲ, ತಿಳಿಯಲಿ ಅಂತ ನಾನು ಹಾಕಿಕೊಂಡ ಅಂಕಿ. ನಿಮ್ಮ ಕೈಗೆ ಬಂದ ಪಿಡಿಎಫ್‌ನ ಅಂಕಿಯನ್ನು ಇದರ ಜಾಗದಲ್ಲಿ ಹಾಕಿಕೊಳ್ಳಿ.

50 ಮಕ್ಕಳು ಬರುತ್ತಾರೆ, ತಿಂಗಳಿಗೆ ತಲಾ 1,000 ರೂಪಾಯಿ ಫೀಸು ಅಂದುಕೊಳ್ಳಿ. ಒಟ್ಟು 50,000. ರಾಯಲ್ಟಿ ಶೇ 15 ಆದರೆ 7,500 ಹೋಯಿತು. ಆ ರಾಯಲ್ಟಿಯ ಮೇಲೆ ಶೇ 18 ಜಿಎಸ್‌ಟಿ, 1,350. ಕೋಣೆ ಬಾಡಿಗೆ 10,000. ಸಂಜೆ ಹೊತ್ತು ಬಂದು ಹೇಳಿಕೊಡುವ ಇಬ್ಬರು ಮೇಷ್ಟ್ರಿಗೆ ತಲಾ 12,000ದಂತೆ 24,000. ಕರೆಂಟು, ಇಂಟರ್‌ನೆಟ್ಟು, ಗುಡಿಸುವವರು ಸೇರಿ 2,500. ತಂತಿ ಬದಲಾಯಿಸುವುದು, ತಬಲಾಗೆ ಚರ್ಮ ಹಾಕಿಸುವುದು, ಕೀಬೋರ್ಡ್ ರಿಪೇರಿ ಅಂತ 1,500. ಎಲ್ಲ ಕೂಡಿದರೆ 46,850. ಉಳಿದದ್ದು 3,150 ರೂಪಾಯಿ.

ಇನ್ನೂ ಸಾಲದ ಕಂತು ಕಟ್ಟಿಲ್ಲ. 5 ಲಕ್ಷವನ್ನು ಶೇ 11 ಬಡ್ಡಿಗೆ ಐದು ವರ್ಷಕ್ಕೆ ತಂದರೆ ತಿಂಗಳ ಕಂತು ಸುಮಾರು 10,870 ರೂಪಾಯಿ. ಅಂದರೆ 50 ಮಕ್ಕಳು ಒಬ್ಬರೂ ತಪ್ಪದೆ ಬಂದು, ಒಬ್ಬರೂ ಬಾಕಿ ಇಡದೆ ಫೀಸು ಕೊಟ್ಟರೂ ತಿಂಗಳಿಗೆ 7,720 ರೂಪಾಯಿ ಕೈಯಿಂದ ಹಾಕಬೇಕು. ಒಡವೆಯ ಬಡ್ಡಿ ಇದರಲ್ಲಿ ಸೇರಿಲ್ಲ.

ಇನ್ನೂ ಮಕ್ಕಳನ್ನು ಸೇರಿಸೋಣ ಅನ್ನಬಹುದು. ಹೊಸದಾಗಿ ಸೇರಿದ ಒಂದು ಮಗುವಿನ 1,000ದಲ್ಲಿ ರಾಯಲ್ಟಿ ಮತ್ತು ಅದರ ತೆರಿಗೆ 177 ಕಳೆದು ನಿಮಗೆ 823 ಸಿಗುತ್ತದೆ. 60 ಮಕ್ಕಳಾದಾಗ ನೀವು ಲಾಭವಿಲ್ಲದೆ ನಷ್ಟವಿಲ್ಲದೆ ಉಸಿರಾಡುತ್ತೀರಿ. ತಿಂಗಳಿಗೆ 15,000 ರೂಪಾಯಿ ನಿಮ್ಮ ಕೈಗೆ ಉಳಿಯಬೇಕಾದರೆ 78 ಮಕ್ಕಳು ಬೇಕು. ಅಷ್ಟು ಮಕ್ಕಳಿಗೆ ಸಂಜೆ ನಾಲ್ಕೂವರೆಯಿಂದ ಏಳೂವರೆ ಒಳಗೆ ಇಬ್ಬರೇ ಮೇಷ್ಟ್ರು ಹೇಳಿಕೊಡಲು ಆಗುತ್ತದಾ? ಮೂರನೆಯವರು ಬೇಕು, ಅವರಿಗೆ ಇನ್ನೊಂದು ಸಂಬಳ, ಬಹುಶಃ ಇನ್ನೊಂದು ಕೋಣೆ. ಲೆಕ್ಕ ಮತ್ತೆ ಹಿಂದಕ್ಕೆ ಓಡುತ್ತದೆ.

ಇದರ ಪಕ್ಕದಲ್ಲಿ ನಂಜನಗೂಡಿನ ಅಕ್ಕನ ಲೆಕ್ಕ ಇಡಿ. ಅವರು ಸ್ವಂತ ಹೆಸರಲ್ಲಿ ಒಂದು ಸಣ್ಣ ಕೋಣೆ 5,000ಕ್ಕೆ ಹಿಡಿದು, ತಲಾ 700 ರೂಪಾಯಿಗೆ 30 ಮಕ್ಕಳಿಗೆ ತಾವೇ ಹೇಳಿಕೊಟ್ಟರೆ 21,000 ಬರುತ್ತದೆ. ಬಾಡಿಗೆ, ಸಣ್ಣಪುಟ್ಟ ಖರ್ಚು ಸಾವಿರ ಕಳೆದರೆ 15,000. ಅಲ್ಲಿ 78 ಮಕ್ಕಳಿಂದ ಬರುವ ದುಡ್ಡು ಇಲ್ಲಿ 30 ಮಕ್ಕಳಿಂದ ಬರುತ್ತದೆ. ಪೋಷಕರಿಗೂ ಫೀಸು 300 ಕಡಿಮೆ.

'ಅಕ್ಕನೇ ಫ್ರಾಂಚೈಸಿ ತಗೊಂಡು ತಾನೇ ಹೇಳಿಕೊಟ್ಟರೆ ಒಬ್ಬ ಮೇಷ್ಟ್ರ ಸಂಬಳ ಉಳಿಯಲ್ವಾ' ಅಂತ ಕೇಳಬಹುದು. ಉಳಿಯುತ್ತದೆ. 60 ಮಕ್ಕಳಿದ್ದರೆ ಅವರ ಕೈಗೆ ಆಗ 12,500ರ ಹತ್ತಿರ ಬರುತ್ತದೆ. ಅಂದರೆ ತಮ್ಮದೇ ಶಾಲೆಯಲ್ಲಿ ಮೇಷ್ಟ್ರ ಸಂಬಳಕ್ಕೆ ದುಡಿದು, ಸಾಲದ ಹೊಣೆಯನ್ನು ಪುಗಸಟ್ಟೆ ಹೊತ್ತ ಹಾಗೆ.

ತೆರಿಗೆಯ ವಿಚಾರದಲ್ಲೂ ಒಂದು ಮಾತಿದೆ, ಇದನ್ನು ಪಿಡಿಎಫ್ ಹೇಳುವುದಿಲ್ಲ. ಕಲೆ, ಸಂಸ್ಕೃತಿಗೆ ಸಂಬಂಧಪಟ್ಟ ಹವ್ಯಾಸದ ತರಬೇತಿಯನ್ನು ಒಬ್ಬ ವ್ಯಕ್ತಿ ಕೊಟ್ಟರೆ ಅದಕ್ಕೆ ಜಿಎಸ್‌ಟಿ ವಿನಾಯಿತಿ ಇದೆ. 2022ರ ಜುಲೈ 18ರಿಂದ ಈ ವಿನಾಯಿತಿ ವ್ಯಕ್ತಿಗಳಿಗೆ ಮಾತ್ರ, ಕಂಪನಿಗಳಿಗೆ ಇಲ್ಲ. ಜೊತೆಗೆ ವರ್ಷಕ್ಕೆ 20 ಲಕ್ಷದ ಒಳಗೆ ವಹಿವಾಟು ಇರುವ ಸೇವೆಗೆ ನೋಂದಣಿಯೇ ಬೇಕಿಲ್ಲ. ನಮ್ಮ ಅಕ್ಕನಂಥವರು ತೆರಿಗೆಯ ಗೋಜಿಗೇ ಹೋಗಬೇಕಾಗಿಲ್ಲ. ಆದರೆ ರಾಯಲ್ಟಿ ಕಟ್ಟುವವರು ಅದರ ಮೇಲಿನ ಶೇ 18 ತೆರಿಗೆಯನ್ನು ಕೊಡಲೇಬೇಕು. ನೋಂದಣಿ ಇಲ್ಲದ ಕಾರಣ ಅದನ್ನು ಎಲ್ಲೂ ಹಿಂದಕ್ಕೆ ಪಡೆಯುವಂತೆಯೂ ಇಲ್ಲ.

ಇಲ್ಲಿಯ ತನಕ ಹೇಳಿದ್ದು ವರ್ಷದ ಹನ್ನೆರಡು ತಿಂಗಳೂ ಒಂದೇ ತರ ಇರುತ್ತವೆ ಅಂದುಕೊಂಡು. ನಮ್ಮ ಕಡೆ ಹಾಗಿರುವುದಿಲ್ಲ. ಏಪ್ರಿಲ್, ಮೇನಲ್ಲಿ ಬೇಸಿಗೆ ಶಿಬಿರ ಅಂದರೆ ಕೋಣೆ ತುಂಬುತ್ತದೆ. ಅದನ್ನು ನೋಡಿಯೇ ಎಷ್ಟೋ ಜನ ಮೋಸ ಹೋಗುತ್ತಾರೆ. ಜೂನ್‌ನಲ್ಲಿ ಶಾಲೆ ಫೀಸು, ಪುಸ್ತಕ, ಯೂನಿಫಾರ್ಮ್ ಬಂದಾಗ ಮನೆಯಲ್ಲಿ ಮೊದಲು ನಿಲ್ಲುವುದು ಸಂಗೀತದ ಕ್ಲಾಸು. ಫೆಬ್ರವರಿ, ಮಾರ್ಚ್‌ನಲ್ಲಿ ಪರೀಕ್ಷೆ. ಒಂಬತ್ತನೇ ಕ್ಲಾಸು ಮುಟ್ಟಿದ ಮಕ್ಕಳನ್ನು ಸಂಗೀತ ಬಿಡಿಸಿ ಗಣಿತದ ಟ್ಯೂಷನ್‌ಗೆ ಹಾಕುತ್ತಾರೆ. ದೊಡ್ಡ ಜಾತ್ರೆಯ ವಾರ ನಂಜನಗೂಡಿನಲ್ಲಿ ಯಾವ ಮಗು ಕ್ಲಾಸಿಗೆ ಬರುತ್ತದೆ ಹೇಳಿ. ಬಾಡಿಗೆ ಮತ್ತು ಕಂತು ಮಾತ್ರ ಜಾತ್ರೆಗೂ ನಿಲ್ಲುವುದಿಲ್ಲ, ಪರೀಕ್ಷೆಗೂ ನಿಲ್ಲುವುದಿಲ್ಲ.

ಎರಡು ಊರೂ ಒಂದೇ ಅಲ್ಲ ಅನ್ನುವುದನ್ನೂ ನೋಡಬೇಕು. ನಂಜನಗೂಡು ತಾಲ್ಲೂಕಿನಲ್ಲಿ ಕೈಗಾರಿಕಾ ಪ್ರದೇಶ ಇದೆ. ನೆಸ್ಲೆ, ಏಷಿಯನ್ ಪೇಂಟ್ಸ್ ತರದ ದೊಡ್ಡ ಕಾರ್ಖಾನೆಗಳಿವೆ. ತಿಂಗಳ ಮೊದಲ ವಾರ ಸಂಬಳ ಬೀಳುವ ಮನೆಗಳು ಒಂದಷ್ಟು ಇವೆ. ಹೊರಗಿನಿಂದ ಬಂದ ಕುಟುಂಬಗಳು ಕೀಬೋರ್ಡು, ಗಿಟಾರು ಕೇಳುತ್ತವೆ. ಆದರೆ ಅದೇ ಮನೆಗಳಿಗೆ ಮೈಸೂರು ಇಪ್ಪತ್ತೈದು ಕಿಲೋಮೀಟರ್ ಒಳಗೆ, ಬಸ್ಸೂ ಇದೆ, ರೈಲೂ ಇದೆ. ಹೆಸರು ನೋಡಿ ಸೇರಿಸುವ ಪೋಷಕರು ಭಾನುವಾರ ಮೈಸೂರಿಗೇ ಕರೆದುಕೊಂಡು ಹೋಗಿಬಿಡುತ್ತಾರೆ. ನರಸೀಪುರದ ಕಡೆ ಭತ್ತ, ಕಬ್ಬು, ರೇಷ್ಮೆ. ದುಡ್ಡು ಬರುವುದು ತಿಂಗಳಿಗಲ್ಲ, ಬೆಳೆಗೆ. ಅಂಥ ಮನೆಗೆ ಪ್ರತಿ 5ನೇ ತಾರೀಕು ಆ್ಯಪ್‌ನಿಂದ 'ಫೀಸು ಬಾಕಿ' ಅಂತ ಮೆಸೇಜು ಹೋದರೆ ಎರಡನೇ ತಿಂಗಳು ಮಗು ಬರುವುದಿಲ್ಲ. ಊರಿನ ಮೇಷ್ಟ್ರಾದರೆ "ಭತ್ತ ಹಾಕಿದ ಮೇಲೆ ಕೊಡಿ ಬುಡಿ" ಅನ್ನುತ್ತಾರೆ, ಕೊಡುತ್ತಾರೆ ಕೂಡ. ಕಂಪನಿಯ ಆ್ಯಪ್‌ಗೆ ಭತ್ತದ ಕೊಯ್ಲು ಯಾವಾಗ ಅಂತ ಗೊತ್ತಿಲ್ಲ.

ಒಪ್ಪಂದ ಪತ್ರದ ವಿಷಯಕ್ಕೆ ಬರೋಣ. ಹುಡುಗ ತಂದು ತೋರಿಸಿದ್ದು ಇಂಗ್ಲಿಷಿನಲ್ಲಿ ಹಲವು ಪುಟದ ಕರಡು. ಕಂಪನಿಯ ಹೆಸರು ಇಲ್ಲಿ ಬೇಡ, ಇಂಥ ಸಾಲುಗಳು ಬಹಳ ಒಪ್ಪಂದಗಳಲ್ಲಿ ಇರುತ್ತವೆ. ನಾನು ಪೆನ್ಸಿಲ್‌ನಲ್ಲಿ ಗೆರೆ ಎಳೆದ ಜಾಗಗಳನ್ನು ಹೇಳುತ್ತೇನೆ.

ಮೊದಲನೆಯದು, ವ್ಯಾಪ್ತಿ. 571124 ಪಿನ್‌ಕೋಡ್ ಒಳಗೆ ಬೇರೆ ಯಾರಿಗೂ ಶಾಖೆ ಕೊಡುವುದಿಲ್ಲ ಅಂತ ಬರೆದಿದೆ. ಕೇಳಲು ಚೆನ್ನಾಗಿದೆ. ಆದರೆ ಅದೇ ಕಂಪನಿ ಮೊಬೈಲ್‌ನಲ್ಲಿ ಆನ್‌ಲೈನ್ ಕ್ಲಾಸ್ ನಡೆಸಿದರೆ? ನರಸೀಪುರದ ಮಗು ಮನೆಯಲ್ಲೇ ಕೂತು ಕಂಪನಿಗೆ ನೇರವಾಗಿ ಫೀಸು ಕಟ್ಟಿದರೆ ಅದರಲ್ಲಿ ಶಾಖೆಯವರ ಪಾಲು ಏನು? ಆ ಕರಡಿನಲ್ಲಿ ಆನ್‌ಲೈನ್ ಅನ್ನುವ ಪದವೇ ಇರಲಿಲ್ಲ. ನಿಮ್ಮ ದುಡ್ಡಿನಲ್ಲಿ ಬಸ್‌ ಸ್ಟ್ಯಾಂಡ್ ರಸ್ತೆಗೆ ಹಾಕಿದ ಬೋರ್ಡು ನೋಡಿ ಆ ಹೆಸರು ಕಲಿತ ಪೋಷಕರು ಮೊಬೈಲ್‌ನಲ್ಲಿ ಸೇರಿಸಿದರೆ, ಜಾಹೀರಾತಿನ ಖರ್ಚು ನಿಮ್ಮದು, ಗಿರಾಕಿ ಅವರದು.

ಎರಡನೆಯದು, ಮಕ್ಕಳ ಪಟ್ಟಿ. ಹೆಸರು, ಪೋಷಕರ ನಂಬರ್, ಫೀಸಿನ ಲೆಕ್ಕ ಎಲ್ಲ ಕಂಪನಿಯ ಸಾಫ್ಟ್‌ವೇರ್‌ನಲ್ಲಿ ಇರಬೇಕು, ಅದು ಕಂಪನಿಯ ಆಸ್ತಿ ಅಂತ ಬರೆದಿರುತ್ತದೆ. ಮೂರು ವರ್ಷ ಬೆವರು ಸುರಿಸಿ ಊರಿನಲ್ಲಿ ಸಂಪಾದಿಸಿದ ನಂಟು ಒಪ್ಪಂದ ಮುಗಿದ ದಿನ ಕಾಗದದ ಮೇಲೆ ನಿಮ್ಮದಲ್ಲ.

ಮೂರನೆಯದು ಬಿಟ್ಟು ಹೋಗುವ ಷರತ್ತು. ಇಷ್ಟು ವರ್ಷ ನಡೆಸಲೇಬೇಕು, ನಡುವೆ ಮುಚ್ಚಿದರೆ ಉಳಿದ ಅವಧಿಯ ರಾಯಲ್ಟಿ ಕಟ್ಟಿ ಹೋಗಬೇಕು. ಮುಗಿದ ಮೇಲೂ ಎರಡು ವರ್ಷ ಸುತ್ತಮುತ್ತ ಸಂಗೀತ ಶಾಲೆ ನಡೆಸುವಂತಿಲ್ಲ. ಈ ಕೊನೆಯ ಮಾತಿಗೆ ಹೆದರಬೇಡಿ. 1872ರ ಭಾರತೀಯ ಕರಾರು ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ ಒಬ್ಬರ ಕಸುಬನ್ನೇ ತಡೆಯುವ ಕರಾರು ಆ ಮಟ್ಟಿಗೆ ಊರ್ಜಿತವಲ್ಲ. ಒಪ್ಪಂದ ಮುಗಿದ ಮೇಲಿನ ಇಂಥ ನಿರ್ಬಂಧವನ್ನು ಕೋರ್ಟುಗಳು ಸಾಮಾನ್ಯವಾಗಿ ಒಪ್ಪುವುದಿಲ್ಲ. ಆದರೆ ಒಪ್ಪಂದ ನಡೆಯುತ್ತಿರುವಾಗಿನ ನಿರ್ಬಂಧ ಬೇರೆ ಮಾತು. 1995ರಲ್ಲಿ ಗುಜರಾತ್ ಬಾಟ್ಲಿಂಗ್ ಕಂಪನಿ ಮತ್ತು ಕೋಕಾ ಕೋಲಾ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅಂಥ ನಿರ್ಬಂಧವನ್ನು ಎತ್ತಿಹಿಡಿಯಿತು. ಅಂದರೆ ಶಾಖೆ ನಡೆಸುತ್ತಿರುವಾಗಲೇ ಪಕ್ಕದ ಬೀದಿಯಲ್ಲಿ ಸ್ವಂತ ಹೆಸರಲ್ಲಿ ಇನ್ನೊಂದು ಕ್ಲಾಸು ತೆರೆಯುವ ಯೋಚನೆ ಇದ್ದರೆ ಅದನ್ನು ಬಿಡಿ.

ವ್ಯಾಜ್ಯ ಬಂದರೆ ಮುಂಬಯಿಯಲ್ಲೋ ದೆಹಲಿಯಲ್ಲೋ ಮಧ್ಯಸ್ಥಿಕೆ ಅಂತ ಒಂದು ಸಾಲು ಇರುತ್ತದೆ. ಒಂದು ವಾಯಿದೆಗೆ ಹೋಗಿ ಬರುವ ಖರ್ಚಿನಲ್ಲಿ ನಮ್ಮಲ್ಲಿ ಒಂದು ತಿಂಗಳ ಬಾಡಿಗೆ ಕಟ್ಟಬಹುದು. ಕಂಪನಿಯವರಿಗೂ ಇದು ಗೊತ್ತು.

ಭಾರತದಲ್ಲಿ ಫ್ರಾಂಚೈಸಿಗೆ ಅಂತಲೇ ಪ್ರತ್ಯೇಕ ಕಾನೂನು ಇಲ್ಲ. ಕರಾರು ಕಾಯ್ದೆ, ಟ್ರೇಡ್‌ಮಾರ್ಕ್ ಕಾಯ್ದೆ ಇಂಥವುಗಳಲ್ಲೇ ಎಲ್ಲ ನಡೆಯಬೇಕು. ಅಮೆರಿಕದಲ್ಲಿ ಹಾಗಲ್ಲ. ಅಲ್ಲಿ 1979ರಿಂದ ಫ್ರಾಂಚೈಸಿ ನಿಯಮ ಇದೆ. ಸಹಿಗೆ ಕನಿಷ್ಠ 14 ದಿನ ಮುಂಚೆ ಕಂಪನಿ ತನ್ನ ಲೆಕ್ಕಪತ್ರ, ಮೇಲಿರುವ ಕೇಸುಗಳು, ಈಗಿರುವ ಶಾಖೆಗಳ ವಿಳಾಸ, ಈಚೆಗೆ ಬಿಟ್ಟು ಹೋದವರ ಹೆಸರು ಎಲ್ಲವನ್ನೂ ಬರೆದು ಕೊಡಬೇಕು. 1998ರಲ್ಲಿ ಫಿಲಡೆಲ್ಫಿಯಾದಲ್ಲಿ ಒಬ್ಬ ಮೇಷ್ಟ್ರು ಶುರುಮಾಡಿದ 'ಸ್ಕೂಲ್ ಆಫ್ ರಾಕ್' ಆಮೇಲೆ ಫ್ರಾಂಚೈಸಿಯಾಗಿ ಬೆಳೆದದ್ದು ಇಂಥ ನಿಯಮದ ಕೆಳಗೆ. ಇಲ್ಲಿ ನಿಮ್ಮ ಕೈಗೆ ಬರುವುದು ನಗುವ ಮಕ್ಕಳ ಪಿಡಿಎಫ್. ಕಾನೂನು ಇಲ್ಲದಿದ್ದರೂ ಕೇಳುವುದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲವಲ್ಲ. ಚೆನ್ನಾಗಿ ನಡೆಯುವ ಎರಡು ಶಾಖೆ ಅವರೇ ತೋರಿಸುತ್ತಾರೆ. ನೀವು ಮುಚ್ಚಿದ ಎರಡು ಶಾಖೆಯವರ ನಂಬರ್ ಕೇಳಿ.

ಇನ್ನೊಂದು ಕೇಳಿ. ಕಂಪನಿಗೆ ದುಡ್ಡು ಬರುವುದು ಎಲ್ಲಿಂದ? ಜಪಾನಿನ ಯಮಹಾ 1954ರಲ್ಲಿ ಮಕ್ಕಳಿಗೆ ಸಂಗೀತದ ಕ್ಲಾಸು ಶುರುಮಾಡಿತು. ಅದು ಆರ್ಗನ್, ಪಿಯಾನೋ ಮಾಡಿ ಮಾರುವ ಕಂಪನಿ. ಮಕ್ಕಳು ಕಲಿತರೆ ವಾದ್ಯ ಮಾರಾಟವಾಗುತ್ತದೆ. ಅದರಲ್ಲಿ ತಪ್ಪೇನೂ ಇಲ್ಲ, ಮಕ್ಕಳು ಹತ್ತು ವರ್ಷ ಕಲಿಯಲಿ ಅನ್ನುವ ಆಸೆ ಆ ಕಂಪನಿಗೂ ಇರುತ್ತದೆ. ಮುಂಬಯಿಯ ಫುರ್ಟಾಡೋಸ್ 1865ರಿಂದ ಇರುವ ಹೆಸರು, ವಾದ್ಯದ ಅಂಗಡಿ, ಆಮೇಲೆ ಅದೇ ಹೆಸರಿನಲ್ಲಿ ಸಂಗೀತ ಶಾಲೆಯೂ ಬಂತು. ಅಂಥವರಿಗೆ ಹಿಂದೆ ಒಂದು ಕಸುಬಿದೆ. ಆದರೆ ಕೆಲವು ಕಂಪನಿಗಳ ಆದಾಯ ಹೆಚ್ಚಾಗಿ ಬರುವುದು ಹೊಸ ಶಾಖೆ ಸೇರುವಾಗ ಕಟ್ಟುವ ಮೊತ್ತದಿಂದ. ಅಂಥ ಕಂಪನಿಗೆ ನಿಮ್ಮ ಶಾಲೆ ನಡೆಯುವುದಕ್ಕಿಂತ ನಿಮ್ಮ ಸಹಿ ಬೀಳುವುದು ಮುಖ್ಯ. ಸಹಿಗೆ ಮುಂಚೆ ದಿನಕ್ಕೆ ಮೂರು ಸಲ ಫೋನ್ ಮಾಡುವವರು ಆಮೇಲೆ ಎಷ್ಟು ಸಲ ಎತ್ತುತ್ತಾರೆ ಅಂತ ಹಳೆಯ ಶಾಖೆಯವರನ್ನು ಕೇಳಿದರೆ ತಿಳಿಯುತ್ತದೆ.

ಫ್ರಾಂಚೈಸಿಯಲ್ಲಿ ಒಳ್ಳೆಯದೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಒಂದು ಪಾಠಕ್ರಮ ಇರುತ್ತದೆ, ಈ ತಿಂಗಳು ಏನು ಕಲಿತೆ ಅಂತ ಪೋಷಕರಿಗೆ ಕಾಗದ ಸಿಗುತ್ತದೆ. ಟ್ರಿನಿಟಿ ಕಾಲೇಜ್ ಲಂಡನ್‌ನಂಥ ಸಂಸ್ಥೆಯ ಗ್ರೇಡ್ ಪರೀಕ್ಷೆಗೆ ದಾರಿ ತೋರಿಸುತ್ತಾರೆ. ಹೆಣ್ಣುಮಕ್ಕಳನ್ನು ಕಳಿಸುವ ತಾಯಂದಿರಿಗೆ ಗಾಜಿನ ಬಾಗಿಲು, ಕ್ಯಾಮೆರಾ, ರಸೀದಿ ಇರುವ ಜಾಗದಲ್ಲಿ ಧೈರ್ಯ ಹೆಚ್ಚು. "ಮೇಷ್ಟ್ರು ಒಳ್ಳೇವ್ರೇ ಇರಬೌದು ಸರ್, ಆದ್ರೆ ಒಬ್ರೇ ಇರೋ ಮನೆಗೆ ಮಗೀನ ಎಂಗ್ ಕಳ್ಸದು?" ಅಂತ ಒಬ್ಬ ತಾಯಿ ಕೇಳಿದ್ದು ನ್ಯಾಯವಾದ ಪ್ರಶ್ನೆ. ಊರಿನ ಮೇಷ್ಟ್ರುಗಳು ಇದನ್ನು ಅವಮಾನ ಅಂದುಕೊಳ್ಳದೆ ಕಲಿಯಬೇಕು. ಬೀದಿಗೆ ಕಾಣುವ ಕೋಣೆ, ತೆರೆದ ಬಾಗಿಲು, ಪೋಷಕರು ಕೂರಲು ಒಂದು ಬೆಂಚು, ಒಂದು ರಸೀದಿ ಪುಸ್ತಕ. ಇದಕ್ಕೆ ಲಕ್ಷಗಟ್ಟಲೆ ಫ್ರಾಂಚೈಸಿ ಶುಲ್ಕ ಬೇಕಿಲ್ಲ.

ಪಾಠಕ್ರಮವೂ ಹೊರಗಿನಿಂದಲೇ ಬರಬೇಕೆಂದಿಲ್ಲ. ಕರ್ನಾಟಕದಲ್ಲಿ ಜೂನಿಯರ್, ಸೀನಿಯರ್, ವಿದ್ವತ್ ಪರೀಕ್ಷೆಗಳು ತಲೆಮಾರುಗಳಿಂದ ನಡೆದು ಬಂದಿವೆ. ಹಾಡುಗಾರಿಕೆ, ವಾದ್ಯ, ತಾಳವಾದ್ಯ ಎಲ್ಲಕ್ಕೂ ಪಠ್ಯ ಸಿದ್ಧವಾಗಿದೆ. ಮೈಸೂರಿನಲ್ಲೇ ಗಂಗೂಬಾಯಿ ಹಾನಗಲ್ ಹೆಸರಿನ ಸಂಗೀತ ವಿಶ್ವವಿದ್ಯಾಲಯ ಇದೆ. ಅಲ್ಲಿಂದ ಪದವಿ ಪಡೆದು ಹೊರಬರುವವರು ಕೆಲಸ ಹುಡುಕುತ್ತಾರೆ. ಒಬ್ಬರು ಹಾಡುಗಾರಿಕೆ, ಒಬ್ಬರು ಕೀಬೋರ್ಡು, ಒಬ್ಬರು ತಬಲಾನೋ ಮೃದಂಗವೋ, ಹೀಗೆ ಮೂವರು ಸೇರಿ ಒಂದು ಕೋಣೆ ಹಿಡಿದು ಬಾಡಿಗೆ ಹಂಚಿಕೊಂಡರೆ ತಲೆಗೆ ಬೀಳುವ ಖರ್ಚು ಎಷ್ಟು ಕಡಿಮೆ ನೋಡಿ. ಹಗಲು ಹೊತ್ತು ಖಾಸಗಿ ಶಾಲೆಗಳಲ್ಲಿ ವಾರಕ್ಕೆರಡು ಪೀರಿಯಡ್ ಮಾತಾಡಿಕೊಂಡರೆ ಪರೀಕ್ಷೆ ತಿಂಗಳ ಹೊಡೆತವೂ ಸ್ವಲ್ಪ ತಗ್ಗುತ್ತದೆ.

ನಮ್ಮ ಹಳ್ಳಿಗಳಲ್ಲಿ ಸಂಗೀತದ ಪಾಠಕ್ಕೆ ದುಡ್ಡು ಕೊಡುವುದಿಲ್ಲ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಕುರುಕ್ಷೇತ್ರ ನಾಟಕ ಆಡುವ ಊರುಗಳನ್ನು ನೋಡಿ. ದುರ್ಯೋಧನನ ಪಾತ್ರಕ್ಕೆ ಇಷ್ಟು, ಕೃಷ್ಣನಿಗೆ ಇಷ್ಟು ಅಂತ ಕೈಯಿಂದ ಹಾಕಿ, ಹಾರ್ಮೋನಿಯಂ ಮೇಷ್ಟ್ರನ್ನು ಕರೆಸಿ, ಎರಡು ಮೂರು ತಿಂಗಳು ರಾತ್ರಿ ರಾಮಮಂದಿರದಲ್ಲಿ ಪ್ರಾಕ್ಟೀಸ್ ಮಾಡಿ, ಸೀನರಿ ಬಾಡಿಗೆಗೆ ತಂದು ಬೆಳಗಿನ ಜಾವದ ತನಕ ಹಾಡುತ್ತಾರೆ. ಐವತ್ತು ವರ್ಷದ ರೈತ ತಾರಸ್ಥಾಯಿಯಲ್ಲಿ ಕಂದ ಪದ್ಯ ಎತ್ತುವುದನ್ನು ಕಲಿಯಲು ದುಡ್ಡು ಕೊಡುತ್ತಾನೆ. ಆ ಮೇಷ್ಟ್ರಿಗೆ ಬೋರ್ಡಿಲ್ಲ, ಆ್ಯಪ್ ಇಲ್ಲ. ಒಂದು ಊರಿನ ನಾಟಕ ಚೆನ್ನಾಗಿ ಬಂದರೆ ಪಕ್ಕದ ಊರಿನವರು ಬಂದು ಅಡ್ವಾನ್ಸ್ ಕೊಟ್ಟು ಹೋಗುತ್ತಾರೆ. ಈ ಮೇಷ್ಟ್ರುಗಳಿಗೆ ವಯಸ್ಸಾಗುತ್ತಿದೆ. ಅವರ ಕೈಲಿರುವ ವಿದ್ಯೆಯನ್ನು ಕಲಿಸುವ ಒಂದು ಕ್ಲಾಸು ನರಸೀಪುರದಲ್ಲೋ ನಂಜನಗೂಡಿನಲ್ಲೋ ತೆರೆದರೆ ಮಕ್ಕಳಷ್ಟೇ ಅಲ್ಲ, ದೊಡ್ಡವರೂ ಬರುತ್ತಾರೆ. ಇದನ್ನು ಯಾವ ಕಂಪನಿಯ ಪಾಠಕ್ರಮದಲ್ಲೂ ನಾನು ನೋಡಿಲ್ಲ.

ತಿ. ನರಸೀಪುರದ 'ತಿ' ಅಂದರೆ ತಿರುಮಕೂಡಲು. ಪಿಟೀಲು ಚೌಡಯ್ಯನವರ ಹೆಸರಿನ ಮುಂದಿರುವ 'ಟಿ' ಕೂಡ ಅದೇ. 1895ರಲ್ಲಿ ಅಲ್ಲಿ ಹುಟ್ಟಿದ ಹುಡುಗ ಮೈಸೂರಿಗೆ ಹೋಗಿ ಬಿಡಾರಂ ಕೃಷ್ಣಪ್ಪನವರ ಮನೆಯಲ್ಲಿ ವರ್ಷಗಟ್ಟಲೆ ಇದ್ದು ಕಲಿತ. ಮೈಕ್ ಇಲ್ಲದ ಕಾಲದಲ್ಲಿ ಪಿಟೀಲಿನ ಧ್ವನಿ ಕೊನೆಯ ಸಾಲಿಗೂ ಕೇಳಲಿ ಅಂತ 1927ರಲ್ಲಿ ನಾಲ್ಕು ತಂತಿಯ ವಾದ್ಯಕ್ಕೆ ಏಳು ತಂತಿ ಕಟ್ಟಿದರು. ಆಮೇಲೆ ಮೈಸೂರಿನಲ್ಲಿ ಅಯ್ಯನಾರ್ ಸಂಗೀತ ಕಾಲೇಜನ್ನೂ ನಡೆಸಿದರು. ಬೆಂಗಳೂರಿನಲ್ಲಿ ಅವರ ನೆನಪಿಗೆ ಪಿಟೀಲಿನ ಆಕಾರದ್ದೇ ಒಂದು ಸಭಾಂಗಣ ಇದೆ. ಹುಟ್ಟಿದ ತಾಲ್ಲೂಕಿನಲ್ಲಿ ಸಂಗೀತ ಶಾಲೆ ತೆರೆಯುವವರಿಗೆ ಇಡಲು ಹೆಸರು ಬೇಕಿದ್ದರೆ ಪಕ್ಕದಲ್ಲೇ ಇದೆ, ರಾಯಲ್ಟಿ ಕೇಳುವ ಹೆಸರೂ ಅಲ್ಲ.

ಇಷ್ಟೆಲ್ಲ ಕೇಳಿದ ಮೇಲೂ ಫ್ರಾಂಚೈಸಿಯೇ ಬೇಕು ಅನ್ನುವವರು ಸಹಿ ಹಾಕುವ ಮುಂಚೆ ಪತ್ರವನ್ನು ವಕೀಲರಿಂದ ಓದಿಸಿ. ಫೀಸು ಕೊಡಲು ಆಗದಿದ್ದರೆ ತಾಲ್ಲೂಕು ಕೋರ್ಟಿನಲ್ಲಿ ಕಾನೂನು ಸೇವಾ ಸಮಿತಿ ಇದೆ. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಅಲ್ಲಿ ಉಚಿತ ಕಾನೂನು ನೆರವು ಸಿಗುತ್ತದೆ, ಉಳಿದವರಿಗೆ ಆದಾಯದ ಮಿತಿ ಇದೆ. ಮುದ್ರಾ ಸಾಲದಲ್ಲಿ 50,000ದ ತನಕ ಶಿಶು, ಐದು ಲಕ್ಷದ ತನಕ ಕಿಶೋರ್ ಅಂತ ಇದೆ. ಸ್ವಂತ ಕೋಣೆ, ಎರಡು ಕೀಬೋರ್ಡು, ಒಂದು ಹಾರ್ಮೋನಿಯಂಗೆ ಶಿಶುವಿನ ಹತ್ತಿರ ಹತ್ತಿರದಲ್ಲೇ ಕೆಲಸ ಆಗುತ್ತದೆ. ಐದು ಲಕ್ಷ ಬೇಕಾಗುವುದು ಬೇರೆಯವರ ಹೆಸರಿಗೆ.

ನಂಜನಗೂಡಿನ ಅಕ್ಕ ಪಿಡಿಎಫ್ ಡಿಲೀಟ್ ಮಾಡಿ ಕೋಣೆ ಹುಡುಕುತ್ತಿದ್ದಾರೆ. ದೇವಸ್ಥಾನದ ಕಡೆ ಬಾಡಿಗೆ ಜಾಸ್ತಿ, ಜಾತ್ರೆ ದಿನಗಳಲ್ಲಿ ಗದ್ದಲ, ಆದ್ದರಿಂದ ಸ್ವಲ್ಪ ಒಳಗೆ ನೋಡುತ್ತಿದ್ದಾರಂತೆ. ನರಸೀಪುರದ ಹುಡುಗ ಇನ್ನೂ ತೀರ್ಮಾನ ಮಾಡಿಲ್ಲ. ಈ ತಿಂಗಳ ಕೊನೆಗೆ ಆಫರ್ ಮುಗಿಯುತ್ತೆ ಅಂತ ಕಂಪನಿಯವರು ಮೂರು ತಿಂಗಳಿಂದ ಹೇಳುತ್ತಿದ್ದಾರೆ. ಮುಚ್ಚಿದ ಎರಡು ಶಾಖೆಯವರ ನಂಬರ್ ಕೊಡಿ ಅಂತ ಅವನು ಕಳಿಸಿದ ಮೆಸೇಜಿಗೆ ನೀಲಿ ಟಿಕ್ ಬಂದು ಹತ್ತು ದಿನ ಆಯಿತು. ಒಡವೆ ಸದ್ಯಕ್ಕೆ ಮನೆಯಲ್ಲೇ ಇದೆ.